ನಾನೂ ಸಮಭಾಗಿ

ಗುಮಾಸ್ತಿಕೆ ಮಾಡಿಯೇ ತಲೆಕೂದಲು ಬೆಳ್ಳಗೆ ಮಾಡಿಕೊಂಡ ನಾನು ಈಚೆಗೆ ಒಬ್ಬ ಗುಮಾಸ್ತನನ್ನು ಇಟ್ಟುಕೊಂಡಿದ್ದೇನೆ. ಅವನು ಸಂಬಳ ಕೇಳುವುದಿಲ್ಲ, ಕಾಫಿಗೆ ಅಂತ ಎದ್ದು ಹೋಗುವುದಿಲ್ಲ, ಎಷ್ಟು ಸಲ ತಿದ್ದಿಸಿದರೂ ಮುಖ ಗಂಟಿಕ್ಕುವುದಿಲ್ಲ. ನನ್ನ ಅಂಗಿ ಜೇಬಿನ ಫೋನಿನೊಳಗೇ ಅವನ ವಾಸ. ಪೇಪರಿನವರು ಅವನನ್ನು ಕೃತಕ ಬುದ್ಧಿಮತ್ತೆ ಎನ್ನುತ್ತಾರೆ, ಆಫೀಸಿನಲ್ಲಿ ಎಲ್ಲರೂ ಎಐ ಎನ್ನುತ್ತಾರೆ. ನಾನು ಸೋಫಾದ ಮೇಲೆ ಕೂತು ಫೋನಿಗೆ ‘ಇದನ್ನು ಇನ್ನೂ ಸ್ವಲ್ಪ ಚೆನ್ನಾಗಿ ಬರೆ’ ಎಂದು ಅಪ್ಪಣೆ ಕೊಡಿಸುತ್ತಿದ್ದುದನ್ನು ನೋಡಿದ ನನ್ನ ಹೆಂಡತಿ ಸರೋಜ, ‘ಅಂತೂ ಗುಮಾಸ್ತನಿಗೂ ಒಬ್ಬ ಗುಮಾಸ್ತ ಸಿಕ್ಕ’ ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಹೆಸರು ನಿಂತುಬಿಟ್ಟಿದೆ.

ಅವನನ್ನು ನನಗೆ ಗಂಟು ಹಾಕಿದವಳು ಸೆಲ್ವಿ. ನಾನು ಕೆ.ಜಿ.ಎಫ್.ನ ಒಂದು ಕಾಲೇಜಿನ ಆಫೀಸಿನಲ್ಲಿದ್ದೇನೆ. ಮನೆ ಬಂಗಾರಪೇಟೆ. ಬೆಳಿಗ್ಗೆ ಮಾರಿಕುಪ್ಪಂ ರೈಲು ಹತ್ತಿ ಹೋಗುವುದು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು ಬರುವುದು. ಸೆಲ್ವಿ ನನ್ನ ಪಕ್ಕದ ಮೇಜಿನವಳು, ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು. ಮನೆಯಲ್ಲಿ ತಮಿಳು, ಆಫೀಸಿನಲ್ಲಿ ಕನ್ನಡ, ಕೋಪ ಬಂದರೆ ಎರಡೂ. ಒಂದು ಸುತ್ತೋಲೆಯ ಮೊದಲ ಸಾಲು ಹೊಳೆಯದೆ ನಾನು ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತಿದ್ದಾಗ ಅವಳಿಗೆ ಕನಿಕರ ಬಂತು. ‘ಯಾಕ್ ಸಾರ್ ಅಷ್ಟ್ ಕಷ್ಟ ಪಡ್ತೀರ? ಇದ್ರಲ್ಲಿ ಕೇಳಿ ಸಾರ್, ಎಲ್ಲಾ ಬರ್ದು ಕುಡ್ತದೆ’ ಎಂದು ನನ್ನ ಫೋನು ಕಿತ್ತುಕೊಂಡು ಏನೇನೋ ಒತ್ತಿದಳು. ನೋಡುನೋಡುತ್ತಿದ್ದಂತೆ ಸುತ್ತೋಲೆ ಸಿದ್ಧವಾಯಿತು. ‘ಸದರಿ’, ‘ತತ್ಸಂಬಂಧ’, ‘ಕ್ರಮ ಕೈಗೊಳ್ಳತಕ್ಕದ್ದು’ ಎಲ್ಲ ತಂತಮ್ಮ ಜಾಗದಲ್ಲಿ ಕೂತಿದ್ದವು. ಇಷ್ಟು ವರ್ಷ ಇದಕ್ಕಾಗಿ ನಾನು ಬೆವರು ಸುರಿಸಿದೆನಲ್ಲ ಎಂದು ನನ್ನ ಮೇಲೆ ನನಗೇ ಅಯ್ಯೋ ಪಾಪ ಅನ್ನಿಸಿತು.

ಸುತ್ತೋಲೆಗೇ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ನನಗೊಂದು ಚಟವಿದೆ. ಊರಿನ ಒಂದು ಪುಟ್ಟ ವಾರಪತ್ರಿಕೆಗೆ ಆಗಾಗ ನಾಲ್ಕು ಸಾಲು ಗೀಚಿ ಕಳಿಸುವ ಚಟ. ಓದುವವರು ಎಷ್ಟು ಜನ ಎಂದು ಕೇಳಬೇಡಿ, ಕೇಳಿದರೆ ನನಗೂ ಬೇಜಾರು, ನಿಮಗೂ ಬೇಜಾರು. ಬಂಗಾರಪೇಟೆಯ ಪಾನಿಪೂರಿಯ ಬಗ್ಗೆ ಒಂದು ಬರಹ ಬರೆದು, ಗುಮಾಸ್ತನಿಗೆ ಕೊಟ್ಟು, ‘ಸ್ವಲ್ಪ ಮೆರುಗು ಕೊಡಪ್ಪ’ ಎಂದೆ. ಕೊಟ್ಟ. ಮಹಾನುಭಾವ ಎಂಥ ಮೆರುಗು ಕೊಟ್ಟ ಎಂದರೆ ನನ್ನ ಬರಹದಲ್ಲಿ ಇಳಿಸಂಜೆ ಬಂತು, ತಂಗಾಳಿ ಬಂತು, ‘ಪುದೀನಾ ಪರಿಮಳದ ಹಚ್ಚಹಸಿರು ಪಾನಿ’ ಬಂತು. ಓದಿ ನಾನೇ ಬಾಯಲ್ಲಿ ನೀರೂರಿಸಿಕೊಂಡು ಹಾಗೇ ಕಳಿಸಿಬಿಟ್ಟೆ.

ಅಚ್ಚಾದ ಮೇಲೆ ಸ್ಟೇಷನ್ ರಸ್ತೆಯಲ್ಲಿ ನಡೆದು ಹೋಗುತ್ತಿದ್ದೆ. ನಾನು ದಿನಾ ತಿನ್ನುವ ಗಾಡಿಯವನು ಗಿರಾಕಿಗಳ ಮಧ್ಯದಿಂದಲೇ ಕೂಗಿದ, ‘ಸಾರ್, ನಮ್ ಪಾನೀಗೆ ಬಣ್ಣ ಯಾವಾಗ್ ಬಂತು ಸಾರ್?’ ನಿಮಗೆ ಗೊತ್ತಿರಲಿ, ಬೇರೆ ಊರಿನ ಪಾನಿ ಹಸಿರು, ನಮ್ಮೂರಿನದು ಬಿಳಿ ನೀರು. ಲೋಟದಲ್ಲಿಟ್ಟರೆ ಕುಡಿಯುವ ನೀರಿಗೂ ಅದಕ್ಕೂ ವ್ಯತ್ಯಾಸ ತಿಳಿಯದು. ಬಾಯಿಗೆ ಹಾಕಿದಾಗ ತಾನೆ ಕಿವಿಯಲ್ಲಿ ಹೊಗೆ ಬರುವುದು. ಇದು ಇಲ್ಲಿನ ಎಳೆ ಮಕ್ಕಳಿಗೂ ಗೊತ್ತು. ನನಗೂ ಗೊತ್ತು, ಹುಟ್ಟಿದಾಗಿನಿಂದ ತಿಂದವನು. ಆದರೂ ‘ಹಚ್ಚಹಸಿರು’ ಎಂಬ ಪದದ ಚಂದಕ್ಕೆ ಮರುಳಾಗಿ, ನನ್ನ ನಾಲಿಗೆಗೆ ಗೊತ್ತಿದ್ದುದನ್ನು ನನ್ನ ಕಣ್ಣು ಮರೆತುಬಿಟ್ಟಿತು. ಗಾಡಿಯವನಿಗೆ ಏನೋ ಒಂದು ಹೇಳಿ, ಪೂರಿಯನ್ನೂ ತಿನ್ನದೆ ಜಾರಿಕೊಂಡೆ. ಒಂದು ತಿಂಗಳು ಆ ರಸ್ತೆ ಬಿಟ್ಟು ಸುತ್ತು ದಾರಿಯಲ್ಲಿ ಸ್ಟೇಷನ್ನಿಗೆ ಹೋದೆ.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು, ಬರಲಿಲ್ಲ. ಅದಕ್ಕೊಂದು ಕಾರಣವಿದೆ, ಹೇಳಿಕೊಳ್ಳಲು ನಾಚಿಕೆ. ನಮ್ಮ ಕಡೆಯ ಹಳ್ಳಿಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೋಗು ಎಂಬುದು ಓಗು, ಹಂಗೆ ಎಂಬುದು ಅಂಗೆ. ಕಾಲೇಜು ಸೇರಿದ ಮೊದಲ ವಾರ ‘ಓಗ್ತೀನಿ ಸಾರ್’ ಎಂದು ಎದ್ದು ನಿಂತೆ, ತರಗತಿಗೆ ತರಗತಿಯೇ ಗೊಳ್ಳೆಂದಿತು. ಅಂದಿನಿಂದ ಹಕಾರವನ್ನು ಹುಡುಕಿ ಹುಡುಕಿ ಅಂಟಿಸುವುದೇ ನನ್ನ ವ್ಯವಸಾಯವಾಯಿತು. ಬೇಕಾದ ಕಡೆ ಅಂಟಿಸಿದ್ದು ಸರಿ, ಭಯಕ್ಕೆ ಬೇಡದ ಕಡೆಯೂ ಅಂಟಿಸಿದೆ. ಪರೀಕ್ಷೆಯಲ್ಲಿ ಅಕ್ಕಿಗೊಂದು ಹಕಾರ ಸೇರಿಸಿ, ‘ನಮ್ಮ ನಾಡಿನ ಜನರ ಮುಖ್ಯ ಆಹಾರ ಹಕ್ಕಿ’ ಎಂದು ಬರೆದು ಬಂದವನು ನಾನು. ಇಂಥವನಿಗೆ ಒಂದೂ ತಪ್ಪಿಲ್ಲದ, ಇಸ್ತ್ರಿ ಮಾಡಿದ ಕನ್ನಡವನ್ನು ಕೇಳಿದ ಹೊತ್ತಿಗೆ ಕೊಡುವ ಒಬ್ಬ ಸಿಕ್ಕರೆ ಬಿಡಲು ಮನಸ್ಸು ಬರುತ್ತದೆಯೇ? ನೀವೇ ಹೇಳಿ.

ಅವನಿಗೂ ಶುದ್ಧದ ಹುಚ್ಚು ಜಾಸ್ತಿ. ನಮ್ಮ ರೈಲಿಗೆ ಕಾಯುತ್ತಾ ಜನ ಮಾತಾಡುವುದನ್ನು ಒಮ್ಮೆ ಹಾಗೆ ಹಾಗೇ ಬರೆದು ಅವನಿಗೆ ತೋರಿಸಿದೆ. ಒಬ್ಬ ‘ಎನ್ನಪ್ಪಾ, ಬಂಡಿ ಲೇಟಾ?’ ಎಂದು ತಮಿಳಿನಲ್ಲಿ ಕೇಳುತ್ತಾನೆ. ಇನ್ನೊಬ್ಬ, ಇನ್ನೂ ಬಂದಿಲ್ಲ ಎನ್ನಲು, ‘ಇಂಕಾ ರಾಲೇದು, ಕೂತ್ಕ’ ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಚೆನ್ನಾಗಿ ಅರ್ಥ ಮಾಡಿಕೊಂಡು ಕಡಲೆಕಾಯಿ ಹಂಚಿಕೊಳ್ಳುತ್ತಾರೆ. ಗುಮಾಸ್ತ ನೋಡಿ, ‘ಇದರಲ್ಲಿ ಮೂರು ಭಾಷೆಗಳು ಬೆರೆತಿವೆ, ಶುದ್ಧಗೊಳಿಸಲೇ?’ ಎಂದ. ಶುದ್ಧಗೊಳಿಸಿದರೆ ಚಾಂಪಿಯನ್ ರೀಫ್ಸ್ ಗಣಿಯಿಂದ ಬಂಗಾರಪೇಟೆಯವರೆಗೆ ಮಾತಾಡುವವರೇ ಉಳಿಯುವುದಿಲ್ಲ ಮಾರಾಯ ಎಂದುಕೊಂಡೆ.

ಹಾಗಂತ ‘ಎರವಲು ಮಾತೆಲ್ಲ ಸುಳ್ಳು, ಸ್ವಂತ ಮಾತೇ ಸತ್ಯ’ ಎಂದು ಮೂಗು ಮುರಿಯಲು ನನಗೆ ಧೈರ್ಯವಿಲ್ಲ. ನಮ್ಮ ಜನ ಯಂತ್ರ ಬರುವ ಮೊದಲೂ ಎರವಲು ಮಾತಿನಲ್ಲೇ ಬಾಳಿದವರು. ಮದುವೆ ಪತ್ರಿಕೆ ತೆಗೆದು ನೋಡಿ. ಕೆಳಗಿನ ಮೂಲೆಯಲ್ಲಿ ‘ನಮ್ಮ ಚಿಕ್ಕಪ್ಪನ ಮದುವೆಗೆ ತಪ್ಪದೇ ಬನ್ನಿ’ ಎಂದು ಒಂದು ಮಗುವಿನ ಆಹ್ವಾನ ಇರುತ್ತದೆ. ಆ ಮಗುವಿಗೆ ಹಲ್ಲೇ ಬಂದಿರುವುದಿಲ್ಲ. ಹಳೆಯ ಕಾಗದಗಳಲ್ಲಿ ‘ಉಭಯ ಕುಶಲೋಪರಿ’ ಎಂದು ಶುರುಮಾಡುತ್ತಿದ್ದರು. ಬರೆದವನಿಗೂ ಅದರ ಅರ್ಥ ಗೊತ್ತಿರಲಿಲ್ಲ, ಓದಿದವನಿಗೂ ಗೊತ್ತಿರಲಿಲ್ಲ, ಆದರೆ ಅದಿಲ್ಲದಿದ್ದರೆ ಏನೋ ಕೆಟ್ಟ ಸುದ್ದಿ ಎಂದು ಇಬ್ಬರಿಗೂ ಗಾಬರಿ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಂಚೆ ಕಚೇರಿಯ ಮುಂದೆ ಕಾಗದ ಬರೆದುಕೊಡುವವರು ಕೂರುತ್ತಿದ್ದರು ಎಂದು ಸೆಲ್ವಿ ಹೇಳುತ್ತಾಳೆ. ಅವಳ ತಾತ ಎಷ್ಟೋ ಮಂದಿಯ ಹಾಗೆ ಊರಿಗೆ ಕಾಗದ ಬರೆಸಿದ್ದು ಅಲ್ಲೇ. ತಲೆ ಬಾಲ ಎಲ್ಲರಿಗೂ ಒಂದೇ, ನಡುವಿನ ಎರಡು ಸಾಲು ಮಾತ್ರ ಹೇಳಿದವನದು. ಆ ಎರಡು ಸಾಲಿಗಾಗಿ ಊರಿನಲ್ಲಿ ಅವಳಜ್ಜಿ ಆ ಕಾಗದವನ್ನು ಬೇರೆಯವರ ಕೈಯಲ್ಲಿ ಮತ್ತೆ ಮತ್ತೆ ಓದಿಸುತ್ತಿದ್ದಳಂತೆ.

ನನ್ನ ಎಡವಟ್ಟು ಆದದ್ದು ಆ ನಡುವಿನ ಎರಡು ಸಾಲಿನಲ್ಲೇ.

ನನ್ನ ಅಣ್ಣ ಮುನಿವೆಂಕಟಪ್ಪ ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಲ್ಲಿದ್ದಾನೆ. ಬೇಸಾಯ, ಜೊತೆಗೆ ಡೈರಿಗೆ ಹಾಲು ಹಾಕುವುದು. ಅಪ್ಪ ತೀರಿಕೊಂಡ ಮೇಲೂ ನಮ್ಮಲ್ಲಿ ಭಾಗ ಆಗಿಲ್ಲ, ಆ ಮಾತೂ ಎದ್ದಿಲ್ಲ. ಹೊಲವೆಲ್ಲ ಅಣ್ಣನೇ ನೋಡಿಕೊಳ್ಳುತ್ತಾನೆ. ಸುಗ್ಗಿಯಲ್ಲಿ ರಾಗಿ, ಅವರೆ ಕಾಲದಲ್ಲಿ ಅವರೆಕಾಯಿ, ಹುಣಸೆ ಉದುರಿದಾಗ ಹುಣಸೆಹಣ್ಣು ನಮ್ಮ ಮನೆಗೆ ಬಂದು ಇಳಿಯುತ್ತದೆ. ತಂದಿಳಿಸಿ, ‘ಎಂಗಿದ್ದೀಯಲೇ ಸೀನ’ ಎಂದು ಬೆನ್ನಿಗೊಂದು ಗುದ್ದಿ, ಕಾಫಿ ಕುಡಿದು ಹೋಗುತ್ತಾನೆ. ಗುದ್ದು ಬೀಳದಿದ್ದ ದಿನ ನಾನೇ ಸರೋಜಳನ್ನು ಕೇಳುತ್ತೇನೆ, ಅಣ್ಣನಿಗೆ ಏನಾದರೂ ಬೇಜಾರಾಗಿದೆಯಾ ಎಂದು.

ಅಣ್ಣನ ಮನೆಯ ಸೀಮೆಹಸುವಿನ ಹೆಸರು ಚುಕ್ಕಿ. ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದ್ದು. ನಾನು ಹೋದಾಗಲೆಲ್ಲ ನನ್ನ ಹೆಗಲ ಟವೆಲ್ಲನ್ನು ಎಳೆದು ಜಗಿಯುತ್ತಿತ್ತು. ಅಣ್ಣ ಹೊಲಕ್ಕೆ ಹೋಗುವಾಗ ಅದರ ಹತ್ತಿರ ಹೇಳಿ ಹೋಗುತ್ತಿದ್ದ, ಅತ್ತಿಗೆಗೆ ಹೇಳುವುದು ಆಮೇಲೆ. ಇದನ್ನು ಅತ್ತಿಗೆಯೇ ನಗುತ್ತಾ ಹೇಳುತ್ತಿದ್ದರು. ಆ ಚುಕ್ಕಿ ಹೊಟ್ಟೆಯುಬ್ಬರ ಬಂದು, ಡಾಕ್ಟರು ಬರುವಷ್ಟರಲ್ಲಿ ಸತ್ತುಹೋಯಿತು. ನಾನು ಆಫೀಸಿನಿಂದ ಬಂದು ಅಂಗಿ ಬಿಚ್ಚುತ್ತಿದ್ದಾಗ ಅತ್ತಿಗೆ ಫೋನು ಮಾಡಿ ಅತ್ತರು. ಅಣ್ಣ ಬೆಳಿಗ್ಗೆಯಿಂದ ಬಾಯಿಗೆ ನೀರೂ ಹಾಕಿಲ್ಲ, ಯಾರ ಹತ್ತಿರವೂ ಮಾತಾಡುತ್ತಿಲ್ಲ ಎಂದರು.

ಆಗಲೇ ಎದ್ದು ಹೋಗಬೇಕಿತ್ತು. ಹಳ್ಳಿ ಏನು ಕಾಶಿಯಲ್ಲಿಲ್ಲ, ಬಸ್ಸಿಗೆ ಅರ್ಧ ಗಂಟೆ. ಆದರೆ ಕಾಲೇಜಿನಲ್ಲಿ ಪರೀಕ್ಷೆ ನಡೆಯುತ್ತಿತ್ತು, ಭಾನುವಾರ ಹೋದರಾಯಿತು, ಈಗ ಒಂದು ಮೆಸೇಜು ಕಳಿಸೋಣ ಎಂದುಕೊಂಡೆ. ಬರೆದೆ. ನನ್ನ ಬೆರಳಿಗೆ ಬಂದದ್ದು ಇಷ್ಟು: ‘ಅಣ್ಣಾ, ಚುಕ್ಕಿ ಓದ್ಲಂತೆ. ಕೇಳಿ ನಂಗೂ ಎಂಗೆಂಗೋ ಆಯ್ತು. ಊಟ ಮಾಡು.’ ಬರೆದು ನೋಡಿದರೆ ಬಡವಾಗಿ ಕಾಣಿಸಿತು. ಪತ್ರಿಕೆಗೆ ಬರೆಯುವವನು, ಅಣ್ಣನ ಇಂಥ ದುಃಖಕ್ಕೆ ಇಷ್ಟೇನಾ? ಗುಮಾಸ್ತನನ್ನು ಕರೆದೆ.

ಅವನು ಓದಿ, ‘ಚುಕ್ಕಿಯ ವಿದ್ಯಾಭ್ಯಾಸದ ಸಾಧನೆಗೆ ಹಾರ್ದಿಕ ಅಭಿನಂದನೆಗಳು!’ ಎಂದ. ನಮ್ಮ ಕಡೆಯ ‘ಓದ್ಲು’ ಅಂದರೆ ಹೋದಳು ಎಂದು ಪಾಪ ಅವನಿಗೆ ಹೇಗೆ ತಿಳಿಯಬೇಕು? ಹಸುವನ್ನು ಪಾಸು ಮಾಡಿಸಿದ್ದ. ದುಃಖದಲ್ಲೂ ನಗು ಬಂತು. ಚುಕ್ಕಿ ಹಸು ಕಣಪ್ಪ, ಸತ್ತುಹೋಗಿದೆ, ಅಣ್ಣನಿಗೆ ಸಮಾಧಾನ ಹೇಳಬೇಕು, ಚೆನ್ನಾಗಿ ಬರೆ ಎಂದು ಬಿಡಿಸಿ ಹೇಳಿದೆ. ತಕ್ಷಣ ಕ್ಷಮೆ ಕೇಳಿ, ಬರೆದುಕೊಟ್ಟ:

‘ಮಾನ್ಯ ಸಹೋದರರೇ, ತಮ್ಮ ನೆಚ್ಚಿನ ಗೋವಿನ ಅಗಲಿಕೆಯ ವಾರ್ತೆ ತಿಳಿದು ಅತೀವ ದುಃಖವಾಯಿತು. ಮನೆತನದ ಸುಖದುಃಖಗಳಲ್ಲಿ ನಾನೂ ಸಮಭಾಗಿ ಎಂಬುದನ್ನು ಈ ಸಂದರ್ಭದಲ್ಲಿ ತಮ್ಮ ಗಮನಕ್ಕೆ ತರಬಯಸುತ್ತೇನೆ. ಇಂತಿ ತಮ್ಮ, ಶ್ರೀನಿವಾಸ.’

ಎಂಥ ಗಾಂಭೀರ್ಯ! ಹಕಾರಗಳು, ಒತ್ತಕ್ಷರಗಳು, ಎಲ್ಲ ಇದ್ದಲ್ಲಿ ಇದ್ದವು. ಒಂದು ಸಲ ಓದಿ ತೃಪ್ತಿಯಿಂದ ಕಳಿಸಿದೆ. ಅಣ್ಣ ಓದಿದ ಗುರುತು ನೀಲಿಯಾಗಿ ಬಂತು. ಉತ್ತರ ಬರಲಿಲ್ಲ. ದುಃಖದಲ್ಲಿದ್ದಾನೆ, ಇರಲಿ ಎಂದುಕೊಂಡೆ. ಮರುದಿನ ಫೋನು ಮಾಡಿದೆ, ಎತ್ತಲಿಲ್ಲ. ಅದರ ಮರುದಿನ ಎತ್ತಿದ ಹಾಗೆ ಮಾಡಿ ಇಟ್ಟುಬಿಟ್ಟ. ಆ ಸಂಜೆ ಅತ್ತಿಗೆಯ ಫೋನು ಬಂತು, ನನಗಲ್ಲ, ಸರೋಜಳಿಗೆ. ಆಚೆ ಕಡೆಯ ಮಾತು ಅಡುಗೆಮನೆಯಿಂದ ಹಜಾರಕ್ಕೆ ಕೇಳುತ್ತಿತ್ತು.

‘ಏನಮ್ಮಾ ಸರೋಜಾ, ಅಸ ಸತ್ತ್ ಮನೇಲಿ ಒಲೆ ಅಚ್ಚೋಗಂಟನಾದ್ರೂ ಕಾಯ್ಬಾರ್ದಾ ನಿನ್ ಗಂಡ? ಬಾಗ ಕೇಳೋಕೆ ಅಷ್ಟೇನ್ ಅರ್ಜೆಂಟಿತ್ತು?’

 ಸರೋಜ ಫೋನು ಹಿಡಿದುಕೊಂಡೇ ಬಂದು ನನ್ನ ಮುಂದೆ ನಿಂತಳು. ‘ಏನ್ರೀ, ಭಾಗ ಕೇಳಿದ್ದೀರಂತೆ? ನನಗೊಂದು ಮಾತು ಹೇಳಬೇಕು ಅನ್ನಿಸಲಿಲ್ವಾ?’ ಇಲ್ಲ ಕಣೇ, ನಾನೆಲ್ಲಿ ಕೇಳಿದೆ ಎಂದು ಮೆಸೇಜು ತೆಗೆದು ತೋರಿಸಿದೆ. ಅವಳು ಓದಿದಳು. ಮತ್ತೊಮ್ಮೆ ಓದಿದಳು. ‘ಇದು ಸಮಾಧಾನ ಹೇಳಿರೋದಾ? ಲಾಯರ್ ನೋಟೀಸು ಇದಕ್ಕಿಂತ ಮೆತ್ತಗಿರುತ್ತೆ’ ಎಂದಳು. ಒಳಗೆ ಹೋದವಳು ತಿರುಗಿ ಬಂದು, ಸ್ವಲ್ಪ ದನಿ ತಗ್ಗಿಸಿ, ‘ಕೇಳಿದ್ದೇ ಆಗಿದ್ದರೆ ಬೋರ್ ಇರೋ ಕಡೆದು ಕೇಳಬೇಕಿತ್ತು, ಅಷ್ಟೆ’ ಎಂದು ಹೇಳಿ ಹೋದಳು. ತಮಾಷೆಗೆ ಹೇಳಿದಳೋ ನಿಜಕ್ಕೆ ಹೇಳಿದಳೋ ಇವತ್ತಿಗೂ ಗೊತ್ತಾಗಿಲ್ಲ.

ಆಮೇಲೆ ಆ ಮೂರು ಸಾಲುಗಳನ್ನು ಅಣ್ಣನ ಕಣ್ಣಿನಿಂದ ಓದಿದೆ. ಅಣ್ಣ ಏಳನೇ ಕ್ಲಾಸು ಓದಿದವನು. ಅವನ ಮನೆಯಲ್ಲಿರುವುದು ಆಡುವ ಕನ್ನಡ. ಈ ಥರದ ಕನ್ನಡ ಅವನ ಮನೆಗೆ ಬಂದಾಗಲೆಲ್ಲ ತಾಲ್ಲೂಕು ಕಚೇರಿಯಿಂದಲೋ, ಕೋರ್ಟಿನಿಂದಲೋ ಬಂದಿದೆ. ಒಂದು ಸಲವೂ ಒಳ್ಳೆಯ ಸುದ್ದಿ ತಂದಿಲ್ಲ. ‘ಗಮನಕ್ಕೆ ತರಬಯಸುತ್ತೇನೆ’ ಎಂದು ಶುರುವಾದದ್ದು ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಎಂದು ಹಳ್ಳಿಯ ಎಲ್ಲರಿಗೂ ಗೊತ್ತು. ಇನ್ನು ಆ ‘ಸಮಭಾಗಿ’. ದುಃಖದಲ್ಲಿ ಪಾಲುಗೊಳ್ಳುವವನು ಎಂದು ನಿಘಂಟು ಹೇಳೀತು. ಅಪ್ಪನ ಜಮೀನು ಹಂಚದೆ ಕಾಪಾಡಿಕೊಂಡು ಬಂದ ಅಣ್ಣನ ಕಿವಿಗೆ ಅದರಲ್ಲಿ ಕೇಳಿಸುವುದು ಒಂದೇ ಮಾತು, ಸಮಭಾಗ. ಗುಮಾಸ್ತನಿಗೆ ಕನ್ನಡ ಗೊತ್ತಿತ್ತು, ನಮ್ಮಣ್ಣ ಗೊತ್ತಿರಲಿಲ್ಲ. ಅವನದೇನು ತಪ್ಪು? ಅಣ್ಣ ಗೊತ್ತಿದ್ದವನು ನಾನು. ಓದಿ ನೋಡಿ ಕಳಿಸಿದವನೂ ನಾನೇ.

ಈಗಲೂ ಅವನನ್ನು ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ. ಸುತ್ತೋಲೆಗಳನ್ನೆಲ್ಲ ಅವನ ತಲೆಗೇ ಕಟ್ಟಿದ್ದೇನೆ. ಬರಹ ಮುಗಿಸಿದ ಮೇಲೆ ಕಾಗುಣಿತ ನೋಡು ಎನ್ನುತ್ತೇನೆ, ನೋಡುತ್ತಾನೆ, ನನಗಿಂತ ಚೆನ್ನಾಗಿ ನೋಡುತ್ತಾನೆ. ಈ ಬರಹವನ್ನೂ ತೋರಿಸಿದೆ. ಎರಡು ಒತ್ತಕ್ಷರ ತಪ್ಪಿದ್ದವು, ಹಿಡಿದುಕೊಟ್ಟ. ಅತ್ತಿಗೆಯ ಮಾತಿನಲ್ಲಿ ಹಕಾರ ಬಿಟ್ಟುಹೋಗಿದೆ, ಸೇರಿಸಲೇ ಎಂದ. ಅದು ಬಿಟ್ಟುಹೋಗಿಲ್ಲಪ್ಪ, ಅದು ಅವರ ಮಾತೇ ಹಾಗೆ, ಕೈ ಹಚ್ಚಬೇಡ ಎಂದೆ. ಸರಿ ಎಂದು ಸುಮ್ಮನಾದ. ಅವನ ಜೊತೆ ಬಾಳುವುದು ಕಷ್ಟವೇನಲ್ಲ. ಅವನು ಚೆನ್ನಾಗಿ ಬರೆದದ್ದನ್ನು ನೋಡಿ ನನ್ನ ಮಾತಿನ ಮೇಲೆ ನನಗೆ ನಾಚಿಕೆ ಬರುತ್ತದಲ್ಲ, ಆ ನಾಚಿಕೆಯ ಜೊತೆ ಬಾಳುವುದು ಕಷ್ಟ. ಯಾರಿಗೆ ಬರೆಯುತ್ತಿದ್ದೇನೋ ಅವರ ಮುಖ ಆ ಹೊತ್ತಿನಲ್ಲಿ ನನಗೆ ಮರೆತೇ ಹೋಗುತ್ತದೆ.

ಆ ಭಾನುವಾರ ಬೆಳಿಗ್ಗೆ ಹಳ್ಳಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಕಟ್ಟುತ್ತಾ ಹೋದೆ. ಒಂದು ಸಲ ಕೈ ತಾನಾಗಿ ಜೇಬಿಗೆ ಹೋಯಿತು, ಗುಮಾಸ್ತನನ್ನೇ ಕೇಳೋಣವೇ ಎಂದು. ನನ್ನ ಕೈಗೆ ನಾನೇ ಬೈದುಕೊಂಡೆ.

ಅಣ್ಣ ಜಗುಲಿಯ ಮೇಲೆ ಕೂತಿದ್ದ. ನನ್ನನ್ನು ನೋಡಿ ಎದ್ದ. ಎದ್ದು, ‘ಬನ್ನಿ, ಕೂತ್ಕಳಿ’ ಎಂದ.

ನಮ್ಮ ಕಡೆ ಈ ಬಹುವಚನ ಬರುವುದು ಎರಡೇ ಥರದವರಿಗೆ. ಒಂದು ಆಫೀಸರುಗಳಿಗೆ, ಇನ್ನೊಂದು ಸಂಬಂಧ ಹರಿದುಕೊಂಡವರಿಗೆ. ನಾನು ಆಫೀಸರಲ್ಲ. ಹುಟ್ಟಿದಾಗಿನಿಂದ ಲೇ ಎಂದು ಕರೆದ ಬಾಯಿ ‘ಬನ್ನಿ’ ಎಂದಿತ್ತು. ಗುದ್ದಿಗಾಗಿ ಬೆನ್ನು ಕಾಯುತ್ತಿತ್ತು ಎಂದರೆ ನಗಬೇಡಿ.

ಕೂರಲಿಲ್ಲ. ಅಣ್ಣ ಮನೆಯ ಹಿಂದಿನ ಹೊಲಕ್ಕೆ ನಡೆದ. ಹಿಂದೆಯೇ ಹೋದೆ. ಖಾಲಿ ಕೊಟ್ಟಿಗೆಯನ್ನು ಇಬ್ಬರೂ ನೋಡದವರ ಹಾಗೆ ದಾಟಿದೆವು. ಹೊಲದ ನಡುವೆ ಉದ್ದಕ್ಕೂ ಸುಣ್ಣ ಬಳಿದ ಕಲ್ಲುಗಳನ್ನು ನೆಟ್ಟಿದ್ದ. ಸುಣ್ಣ ಇನ್ನೂ ಹೊಸದಾಗಿತ್ತು.

‘ಈ ಕಡೆ, ಬೋರು, ಟಮೋಟ ಇರೋದು, ನಿಮ್ದು. ಆ ಕಡೆ ಕಲ್ಗುಡ್ಡೆ ಕಡೇದು ನಮ್ದು. ಸರಿ ಓಯ್ತಾ? ಇಲ್ಲಾಂದ್ರೆ ಏಳಿ, ನಾಲ್ಕ್ ಜನ ದೊಡ್ಡೋರ್ನ ಕರ್ಸಾಣ.’

‘ಅಣ್ಣಾ, ಏನಣ್ಣಾ ಇದು?’

‘ನೀವೇ ಬರ್ದಿದ್ರಲ್ಲ. ತಮ್ಮ ಗೋವು, ತಮ್ಮ ಗಮನ, ಕೊನೇಗೆ ಇಂತಿ ತಮ್ಮ ಅಂತ. ನೀನು ತಮ್ಮ ಅನ್ನೋದು ನಂಗ್ ಗೊತ್ತಿಲ್ವೇನ್ಲಾ? ಅದ್ನ ಕಾಗ್ದದ ಮಾತಲ್ಲಿ ಗಮನಕ್ಕೆ ಬೇರೆ ತರ್ಬೇಕಾ? ತಮ್ಮನ ಗೋವಂತೆ! ನಾನು ಯಾವತ್ತಾದ್ರೂ ಅದು ನಂದೊಬ್ಬಂದೇ ಅಂದಿದ್ನಾ?’

ಅಯ್ಯೋ ದೇವರೇ! ಮರ್ಯಾದೆಗೆ ಹಾಕಿದ ‘ತಮ್ಮ’ ಎಂಬುದನ್ನು ಅಣ್ಣ ಒಡಹುಟ್ಟಿದ ತಮ್ಮ ಎಂದು ಓದಿದ್ದ. ಹಾಗೆ ಓದಿದರೆ ಆ ಮೆಸೇಜಿನಲ್ಲಿ ಒಬ್ಬ ತಮ್ಮ ಸಾಲು ಸಾಲಿಗೂ ಎದೆ ತಟ್ಟಿಕೊಂಡು ಹಕ್ಕು ಕೇಳುತ್ತಿದ್ದ. ನಾನು ನಿಂತಲ್ಲೇ ಬೆಪ್ಪಾದೆ. ಆದರೆ ಬೈಯುತ್ತಾ ಬೈಯುತ್ತಾ ಅಣ್ಣ ‘ನೀವು’ ಬಿಟ್ಟು ‘ನೀನು’ಗೆ ಇಳಿದಿದ್ದ. ಅದೊಂದು ಸ್ವಲ್ಪ ಜೀವ ತಂದಿತು.

‘ಹೋಗಲಿ, ಬೋರಿನ ಕಡೆದು ನನಗ್ಯಾಕೆ? ಬೇಸಾಯ ಮಾಡೋನು ನೀನು’ ಎಂದೆ.

ಅಣ್ಣ ಕಲ್ಲಿನ ಮೇಲೆ ಕಾಲಿಟ್ಟು ಬೇರೆ ಕಡೆ ನೋಡಿದ. ‘ನೀರಿಲ್ದಿರೋ ನೆಲ ಕೊಟ್ರೆ ನೀನೇನ್ ಮಾಡ್ತೀಯ? ಯಾವನ್ಗೋ ಮಾರಿ ಓಯ್ತೀಯ. ನೀರಿದ್ರೆ ಇಟ್ಕಂತೀಯ. ಬತ್ತಾ ಇರ್ತೀಯ.’

 ನಾನು ಭಾಗ ಕೇಳಿದೆ ಎಂದು ನಂಬಿಕೊಂಡು, ಅನ್ನ ಬಿಟ್ಟು, ಹಸುವಿನ ದುಃಖದ ಮೇಲೆ ಈ ದುಃಖವನ್ನೂ ಹೊತ್ತುಕೊಂಡು, ಈ ಮನುಷ್ಯ ಒಳ್ಳೆಯ ಕಡೆಯನ್ನು ನನಗೆಂದು ಅಳೆದು ಸುಣ್ಣ ಬಳಿದಿದ್ದಾನೆ. ಆ ಹೊಲದ ಬದುವಿನ ಮೇಲೆ ನಿಂತು ಅತ್ತುಬಿಟ್ಟೆ. ಅಳುತ್ತಲೇ ಎಲ್ಲ ಹೇಳಿದೆ. ಫೋನಿನಲ್ಲಿ ಒಬ್ಬ ಇದ್ದಾನೆ, ಕೇಳಿದ್ದನ್ನು ಬರೆದುಕೊಡುತ್ತಾನೆ, ಅವನು ಬರೆದದ್ದು ಇದು ಎಂದು ಹೇಳಿ, ನಾನು ಮೊದಲು ಬರೆದಿದ್ದನ್ನು ತೆಗೆದು ಅಣ್ಣನ ಕೈಗೆ ಕೊಟ್ಟೆ. ಅಣ್ಣ ಕನ್ನಡಕವನ್ನು ಪಂಚೆಯ ಅಂಚಿಗೆ ಒರೆಸಿ ಹಾಕಿಕೊಂಡು, ತುಟಿ ಆಡಿಸುತ್ತಾ ಓದಿದ. ಚುಕ್ಕಿ ಓದ್ಲಂತೆ ಎಂಬಲ್ಲಿ ನಿಂತ. ಮತ್ತೆ ಮುಂದಕ್ಕೆ ಓದಿದ.

‘ಇದ್ನ ಬಿಟ್ಟು ಅದ್ನ ಯಾಕ್ ಕಳ್ಸ್‌ದೆ?’

‘ಚೆನ್ನಾಗಿರಲಿ ಅಂತ.’

‘ಅಸ ಸತ್ತೋಗೈತೆ ಕಣ್ಲಾ. ಅದ್ರಾಗೆ ಚೆನ್ನಾಗಿರ್ಬೇಕಾದ್ದೇನು?’

 ಅಣ್ಣ ಫೋನು ವಾಪಸ್ಸು ಕೊಟ್ಟ. ಎರಡು ಹೆಜ್ಜೆ ಹೋದವನು ತಿರುಗಿ ಕೇಳಿದ.

‘ಅಂಗಾದ್ರೆ ನೀನು ಬಾಗ ಕೇಳ್ಲಿಲ್ಲ?’

‘ಇಲ್ಲಣ್ಣ.’

‘ಆಸೇನೂ ಇಲ್ವಾ?’

ಇದಕ್ಕೆ ಗುಮಾಸ್ತ ಎಷ್ಟು ಚಂದದ ಉತ್ತರ ಕೊಡುತ್ತಿದ್ದ! ಸಹೋದರ ಪ್ರೇಮದ ಮುಂದೆ ಆಸ್ತಿ ಯಾವ ಲೆಕ್ಕ ಎಂದು ಒಂದು ಪುಟ ಬರೆಯುತ್ತಿದ್ದ. ನನ್ನ ನಾಲಿಗೆಯ ತುದಿಗೂ ಅದೇ ಬಂದಿತ್ತು. ಆದರೆ ರೈಲಿನಲ್ಲಿ ಜನ ಸೈಟು, ಲೇಔಟು, ಬೆಂಗಳೂರಿನವರು ಬಂದು ನೆಲ ನೋಡಿಕೊಂಡು ಹೋದರು ಎಂದು ಮಾತಾಡುವಾಗ ನನ್ನ ಕಿವಿ ನೆಟ್ಟಗಾದದ್ದುಂಟು. ಸರೋಜ ಬೋರಿನ ಮಾತೆತ್ತಿದಾಗ ನಾನು ಅವಳನ್ನು ಬೈದಿರಲಿಲ್ಲ. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಈ ಮುಖ ನೋಡಿಕೊಂಡು ಇನ್ನೊಂದು ಚೆನ್ನಾದ ಮಾತು ಹೇಳಲು ನನ್ನಿಂದಾಗಲಿಲ್ಲ.

‘ಐತೆ ಅಣ್ಣಾ’ ಎಂದೆ. ‘ಒಂದೊಂದ್ಸಲ.’

ಹೇಳಿ ತಲೆ ತಗ್ಗಿಸಿದೆ.  ಅಷ್ಟರಲ್ಲಿ ನನ್ನ ಬೆನ್ನ ಮೇಲೆ ಧಡ್ ಎಂದು ಬಿತ್ತು. ಮುಗ್ಗರಿಸಿ ಬದುವಿನಿಂದ ಕೆಳಗಿಳಿದೆ.

‘ನಂಗೂ ಐತೆ ಕಣ್ಲಾ’ ಎಂದ.

‘ಏನು?’

‘ನಿನ್ ಬಾಗಾನೂ ನಾನೇ ಮಡಿಕ್ಕಂಬೇಕು ಅಂತ. ಒಂದೊಂದ್ಸಲ.’

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಣ್ಣನ ಹೊಟ್ಟೆ ಮೊದಲು ಕುಣಿಯಿತು, ಆಮೇಲೆ ನಗು ಬಂತು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದು ಕೆಮ್ಮು ಹತ್ತಿಕೊಂಡಿತು. ಹಿತ್ತಿಲ ಬಾಗಿಲಿನಲ್ಲಿ ಅತ್ತಿಗೆ ಬಂದು ನಿಂತು, ಸೆರಗು ಸಿಕ್ಕಿಸಿಕೊಂಡು, ಹೊಲಕ್ಕೆಲ್ಲ ಕೇಳುವಂತೆ ಕೂಗಿದರು:

‘ಮುದ್ದೆ ಆರೋಯ್ತೈತೆ! ಬಾಗ ಆಮೇಲ್ ಮಾಡ್ಕಳಿ, ಮೊದ್ಲು ಬಂದು ಉಣ್ಣಿ!’